ಮುಯ್ಯಿ ಪುಸ್ತಕದಲ್ಲಿ ಬರೆಯದ ಲೆಕ್ಕ

ಮಂಡ್ಯ ಕಡೆಯ ಒಂದು ಊರಿನಲ್ಲಿ ಮದುವೆ ಮುಯ್ಯಿಯ ಬಗ್ಗೆ, ಅಂದರೆ ಮದುವೆಗೆ ಬಂದವರು ಕೊಡುವ, ಮುಂದೆ ಅವರ ಮನೆಯ ಮದುವೆಗೆ ತಿರುಗಿಸುವ ಹಣದ ಬಗ್ಗೆ, ನಾನು ಕ್ಷೇತ್ರಕಾರ್ಯ ಮಾಡಿದೆ. ಊರಿನ ಹೆಸರು ಹೇಳುವುದಿಲ್ಲ. ಮಾನವಶಾಸ್ತ್ರ ನನ್ನ ಕಸುಬು, ಹೆಸರು ಮರೆಮಾಡುವುದು ಅದರಲ್ಲಿ ಹಳೆಯ ಪದ್ಧತಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇದ್ದು ಅಧ್ಯಯನ ಮಾಡಿದರಲ್ಲ, ಅದಕ್ಕೂ ಅವರು 'ರಾಂಪುರ' ಅಂತ ಬೇರೆ ಹೆಸರೇ ಇಟ್ಟಿದ್ದರು. ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವುದನ್ನು ಬರೆಯುವವರಿಗೆ ಈ ಮರೆ ಇನ್ನೂ ಜಾಸ್ತಿ ಬೇಕು.

ಬಂಧುತ್ವ, ಕೊಡುಕೊಳ್ಳುವಿಕೆ, ಸಹಭಾಗಿ ಅವಲೋಕನ (ಊರಿನವರ ಜೊತೆ ಇದ್ದು, ಅವರ ಕೆಲಸದಲ್ಲಿ ಸೇರಿಕೊಂಡು ನೋಡುವುದು). ಸಾಂಸ್ಕೃತಿಕ ಮಾನವಶಾಸ್ತ್ರ ಓದಿದವರಿಗೆಲ್ಲ ಈ ಮೂರು ಬಾಯಿಪಾಠ. ಊರಿಗೆ ಹೋಗಿ ಅವುಗಳಿಂದ ಕೆಲಸ ತೆಗೆಯುವುದು ಮಾತ್ರ ಬೇರೆ ಕತೆ. ನಾನು ವಂಶವೃಕ್ಷದಿಂದ ಶುರು ಮಾಡಿದೆ. ಯಾರು ಯಾರಿಗೆ ಏನಾಗಬೇಕು ಅಂತ ಗೊತ್ತಿಲ್ಲದೆ, ಬಂದ ಮುಯ್ಯಿಯನ್ನು ಬರೆದಿಡುವ ಮುಯ್ಯಿ ಪುಸ್ತಕ ಓದಿದರೆ ಅದು ಬರೀ ಹೆಸರಿನ ಪಟ್ಟಿ.

ವಂಶವೃಕ್ಷ ಬರೆಯುವ ಈ ವಿಧಾನವನ್ನು ರೂಢಿಗೆ ತಂದವರು ಬ್ರಿಟಿಷ್ ಮಾನವಶಾಸ್ತ್ರಜ್ಞ ಡಬ್ಲ್ಯು.ಎಚ್.ಆರ್. ರಿವರ್ಸ್. 1898ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂ ಗಿನಿ ನಡುವಿನ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹೋದ ತಂಡದಲ್ಲಿ ಅವರಿದ್ದರು. ಆಮೇಲೆ ನಮ್ಮ ಪಕ್ಕದ ನೀಲಗಿರಿಗೆ ಬಂದು ಅಲ್ಲಿನ ತೋಡ ಬುಡಕಟ್ಟಿನವರ ಬಗ್ಗೆ ಕೆಲಸ ಮಾಡಿದರು. ಅವರ ಉಪಾಯ ಸರಳ: ನಿಯಮ ಕೇಳಬೇಡಿ, ಹೆಸರು ಕೇಳಿ. 'ನಿಮ್ಮಲ್ಲಿ ಯಾರಿಗೆ ಹೆಣ್ಣು ಕೊಡುತ್ತೀರಿ?' ಅಂದರೆ ಚೆಂದದ ಭಾಷಣ ಸಿಗುತ್ತದೆ. 'ನಿಮ್ಮ ಅಜ್ಜಿಯ ತವರು ಯಾವೂರು? ಅವರ ತಮ್ಮ ಎಲ್ಲಿಂದ ಹೆಣ್ಣು ತಂದರು?' ಅಂದರೆ ನಡೆದದ್ದು ಸಿಗುತ್ತದೆ. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಎರಡು ಅಡ್ಡಗೆರೆ, ಮಕ್ಕಳಿಗೆ ಕೆಳಗೆ ಇಳಿಯುವ ಗೆರೆ. ಚಿಹ್ನೆ ಇಷ್ಟೇ.

ನಮ್ಮ ಕಡೆ ದೊಡ್ಡಪ್ಪ, ಚಿಕ್ಕಮ್ಮನ ಮಕ್ಕಳು ಅಣ್ಣತಂಗಿಯರು. ಸೋದರಮಾವ, ಸೋದರತ್ತೆಯ ಮಕ್ಕಳು ಮದುವೆಗೆ ಆಗುವ ವರಸೆ. ಅಕ್ಕನ ಮಗಳನ್ನು ತಂದುಕೊಳ್ಳುವುದೂ ಉಂಟು. ಹಾಗಾದಾಗ ಮದುವೆಯ ಗೆರೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಓರೆಯಾಗಿ ಇಳಿಯುತ್ತದೆ. ನೋಟ್‌ಬುಕ್ ಹಾಳೆಯಲ್ಲಿ ಹಿಡಿಸಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ. ಬರೆಯುತ್ತಾ ಹೋದಂತೆ ನಾಲ್ಕೈದು ಮನೆಗಳು ತಲೆಮಾರಿನಿಂದ ತಲೆಮಾರಿಗೆ ಹೆಣ್ಣು ಕೊಟ್ಟು ತಂದುಕೊಂಡದ್ದು ಕಾಣಿಸಿತು. ಗಂಡಸರು ಅಪ್ಪ, ತಾತ, ಮುತ್ತಾತ ಅಂತ ನೇರ ಮೇಲಕ್ಕೆ ಹೋಗುತ್ತಿದ್ದರು. ಯಾವ ಮನೆಯ ಮಗಳು ಯಾವೂರಿಗೆ ಹೋದಳು ಅನ್ನುವುದು ಅಜ್ಜಿಯರಿಗೇ ಗೊತ್ತು. ಹಾಗಾಗಿ ನನ್ನ ಹೆಚ್ಚಿನ ಕೆಲಸ ಅಜ್ಜಿಯರ ಜೊತೆ, ಅವರೆಕಾಯಿ ಬಿಡಿಸುವ ಹೊತ್ತಿನಲ್ಲಿ ನಡೆಯಿತು.

ಮುಯ್ಯಿ ಪುಸ್ತಕ ಕೈಗೆ ಸಿಗಲು ಬಹಳ ಸಮಯ ಹಿಡಿಯಿತು. ಅದನ್ನು ಜಮೀನಿನ ಪತ್ರದ ಜೊತೆ ಟ್ರಂಕಿನಲ್ಲಿ ಇಟ್ಟಿರುತ್ತಾರೆ. ಬಂದವರಿಗೆಲ್ಲ ಯಾರು ತೋರಿಸುತ್ತಾರೆ? ಛತ್ರದಲ್ಲಿ ಮುಯ್ಯಿ ಬರೆಯುವವರ ಪಕ್ಕ ಕೂತು ಕವರ್ ಬಿಚ್ಚುವುದು, ನೋಟು ಎಣಿಸುವುದು ಮಾಡುತ್ತಾ ಹೋದ ಮೇಲೆ ಎರಡು ಮನೆಯವರು ಹಳೆಯ ಪುಸ್ತಕ ತೆಗೆದುಕೊಟ್ಟರು. ಅದೂ ಎರಡೂ ನಂಟರ ಮನೆಗಳೇ. ನನ್ನ ಅದೃಷ್ಟ. ಒಂದು ಮನೆಯ ಪುಸ್ತಕದಲ್ಲಿ ಇನ್ನೊಂದು ಮನೆಯ ಹೆಸರು ಹುಡುಕಿ, ತಾರೀಖು ಹಿಡಿದು ಜೋಡಿಸಿದೆ.

ಆಗ ಕಂಡದ್ದು ಇದು. ಹಿಂದಕ್ಕೆ ಬಂದ ಮೊತ್ತ ಮೊದಲು ಕೊಟ್ಟದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತಿತ್ತು. ಅಷ್ಟಕ್ಕಷ್ಟೇ ಬರೆಸಿದ್ದು ಒಂದೇ ಸಲ. ಕೇಳಿದರೆ, ಆ ವರ್ಷ ಎರಡೂ ಮನೆಗೆ ಗದ್ದೆಯ ಬದುವಿನ ಜಗಳ. ಲೆಕ್ಕ ಚುಕ್ತಾ ಮಾಡಿದರೆ ನಂಟು ಮುಗಿಯಿತು ಅಂತ ಅರ್ಥ. ಸ್ವಲ್ಪ ಹೆಚ್ಚಿಗೆ ಹಾಕಿದರೆ ಎದುರಿನವರು ಮತ್ತೆ ಸಾಲಗಾರರು, ಬಂಧ ಮುಂದುವರಿಯಿತು. ಕೊಡಬೇಕು, ತೆಗೆದುಕೊಳ್ಳಬೇಕು, ತಿರುಗಿಸಬೇಕು ಅಂತ ಉಡುಗೊರೆಗೆ ಮೂರು ಕಟ್ಟುಪಾಡು ಇದೆ ಎಂದು ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೌಸ್ 1925ರಲ್ಲೇ ಬರೆದಿದ್ದರು. ಇನ್ನೊಂದು ಸೇರಿಸಬೇಕು ಅಂತ ನನಗೆ ಅನಿಸಿತು: ಸಮ ಮಾಡಬಾರದು.

ಆದರೆ ಪುಸ್ತಕದಲ್ಲಿ ಒಂದು ದೊಡ್ಡ ಖಾಲಿ ಇತ್ತು. ಸೋದರಮಾವನ ಹೆಸರೇ ಇಲ್ಲ! ಹುಡುಗಿಯನ್ನು ಮಂಟಪಕ್ಕೆ ಕರೆತರುವವನು ಅವನು, ಸೀರೆ ತಂದವನು ಅವನು. ಒಬ್ಬ ಅಜ್ಜಿಯನ್ನು ಕೇಳಿದ್ದಕ್ಕೆ, "ಅದ್ನೂ ಬರ್ಕತಾರೇನವ್ವ? ತವ್ರೋರು ಕೊಟ್ಟಿದ್ನ ಬರ್ಕಂಡ್ರೆ ನಂಟಸ್ತನ ಉಳ್ದದಾ?" ಅಂತ ಬೈದರು. ಹತ್ತಿರದ ಸಂಬಂಧದಲ್ಲಿ ಲೆಕ್ಕ ಇಡುವುದಿಲ್ಲ, ದೂರ ಹೋದಂತೆ ಲೆಕ್ಕ ಬಿಗಿಯಾಗುತ್ತದೆ ಅಂತ ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಷಲ್ ಸಾಲಿನ್ಸ್ ಹೇಳಿದ್ದು ಇಲ್ಲಿ ಸರಿ ಕೂರುತ್ತದೆ ಅಂದುಕೊಳ್ಳಬಹುದು. ನಾನು ಒಪ್ಪುವುದಿಲ್ಲ. ಬೈದ ಅದೇ ಅಜ್ಜಿ, ಅಡುಗೆಮನೆಯಲ್ಲಿ ಕೂತಾಗ, ತನ್ನ ಬಾಣಂತನಕ್ಕೆ ತವರಿನಿಂದ ಏನು ಬಂತು, ಗೌರಿ ಹಬ್ಬಕ್ಕೆ ಯಾವ ತಮ್ಮ ಬಾಗಿನ ಕಳಿಸಿದ, ಯಾವ ವರ್ಷ ಕಳಿಸಲಿಲ್ಲ, ಯಾವ ನಾದಿನಿಯ ಸೀರೆಗೆ ಬಣ್ಣ ಬಿಡುತ್ತಿತ್ತು ಅಂತ ಒಂದೂ ಬಿಡದೆ ಹೇಳಿದರು. ಬರೆಯುವುದಿಲ್ಲ ಅಷ್ಟೇ. ಲೆಕ್ಕ ಇಲ್ಲ ಅನ್ನಲಿಕ್ಕೆ ಆಗುತ್ತದಾ?

ಹೆಂಗಸರ ಲೆಕ್ಕ ಹೀಗೆ ಕಣ್ಣಿಗೆ ಬೀಳದೆ ಹೋಗುವುದಕ್ಕೆ ಮಾನವಶಾಸ್ತ್ರದಲ್ಲಿ ದೊಡ್ಡ ಉದಾಹರಣೆಯೇ ಇದೆ. ನ್ಯೂ ಗಿನಿಯ ಪೂರ್ವಕ್ಕಿರುವ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಬ್ರೋನಿಸ್ಲಾವ್ ಮಲಿನೋವ್‌ಸ್ಕಿ ಮೊದಲ ಮಹಾಯುದ್ಧದ ವರ್ಷಗಳಲ್ಲಿ ಇದ್ದರು. 1922ರಲ್ಲಿ ಬಂದ ಅವರ ಪುಸ್ತಕದಿಂದ 'ಕುಲಾ' ಎಂಬ ವಿನಿಮಯ ಜಗತ್ತಿಗೆ ಗೊತ್ತಾಯಿತು. ಗಂಡಸರು ದೋಣಿ ಏರಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾರೆ. ಕೆಂಪು ಚಿಪ್ಪಿನ ಹಾರ ಒಂದು ಸುತ್ತಿಗೆ, ಬಿಳಿ ಚಿಪ್ಪಿನ ತೋಳುಬಳೆ ಎದುರು ಸುತ್ತಿಗೆ. ಊರಿನ ನಡುವೆ ಡೇರೆ ಹಾಕಿಕೊಂಡು, ಅವರ ಭಾಷೆ ಕಲಿತು ಮಾಡಿದ ಕೆಲಸ ಅದು. ಸಹಭಾಗಿ ಅವಲೋಕನ ಅಂದರೆ ಇವತ್ತಿಗೂ ಮೊದಲು ಬರುವ ಹೆಸರು ಅವರದೇ. ಆದರೆ ಅದೇ ದ್ವೀಪಗಳಿಗೆ 1971ರಲ್ಲಿ ಹೋದ ಮಾನವಶಾಸ್ತ್ರಜ್ಞೆ ಆನೆಟ್ ವೀನರ್‌ಗೆ ಇನ್ನೊಂದು ಸಂಪತ್ತು ಕಂಡಿತು. ಸಾವಿನ ನಂತರದ ಕಾರ್ಯದಲ್ಲಿ ಹೆಂಗಸರು ಬಾಳೆಲೆಯ ಕಟ್ಟುಗಳನ್ನೂ ನಾರಿನ ಲಂಗಗಳನ್ನೂ ರಾಶಿ ರಾಶಿ ಹಂಚುತ್ತಾರೆ. ಆ ಹೊತ್ತಿಗೆ ಹೆಂಡತಿಗೆ ಕಟ್ಟು ಕೂಡಿಸಿಕೊಡುವುದು ಗಂಡನ ಹೊಣೆ. ಮಲಿನೋವ್‌ಸ್ಕಿ ಈ ವಿನಿಮಯಕ್ಕೆ ಬೆಲೆಯನ್ನೇ ಕೊಟ್ಟಿರಲಿಲ್ಲ. ಕಣ್ಣೆದುರೇ ನಡೆದರೂ ಅದು 'ವ್ಯವಹಾರ' ಅಂತ ಕಾಣಿಸಲಿಲ್ಲವೇನೋ.

ನನಗೂ ಹಾಗಾಗಬಾರದು ಅಂತ ನಾನು ಪುಟದ ಮಧ್ಯೆ ಗೆರೆ ಎಳೆದು ಟಿಪ್ಪಣಿ ಬರೆದೆ. ಎಡಕ್ಕೆ ಊರಿನವರು ಅಂದದ್ದು, ಅವರದೇ ಮಾತಿನಲ್ಲಿ. ಬಲಕ್ಕೆ ನನಗೆ ತೋಚಿದ್ದು. 'ಇದೊಂದು ತರಹ ಬಡ್ಡಿಯಿಲ್ಲದ ಚೀಟಿ' ಅನ್ನುವುದು ನನ್ನ ಮಾತು, ಬಲಕ್ಕೇ ಇರಬೇಕು. ಎಡಕ್ಕೆ ಬಂದರೆ ಕೆಲಸ ಕೆಟ್ಟಿತು. ಅಡುಗೆಮನೆಯಲ್ಲಿ ಪೆನ್ನು ತೆಗೆಯುತ್ತಿರಲಿಲ್ಲ, ಮಾತು ನಿಂತುಬಿಡುತ್ತದೆ. ರಾತ್ರಿ ಕೂತು ಬರೆಯುವುದು, ಮರುದಿನವೇ ಪುಟದ ಫೋಟೋ ತೆಗೆದು ಬೇರೆ ಕಡೆ ಇಡುವುದು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಬೆಂಕಿ ಇಟ್ಟಾಗ ಶ್ರೀನಿವಾಸರು ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನ ಬಲದಿಂದ ಅವರು ರಾಂಪುರದ ಪುಸ್ತಕ ಬರೆದರು. ನನಗೆ ಅಂಥ ನೆನಪು ಎಲ್ಲಿಂದ ಬರಬೇಕು!

ಈಗ ಲಗ್ನಪತ್ರಿಕೆಯಲ್ಲಿ 'ಆಶೀರ್ವಾದವೇ ಉಡುಗೊರೆ' ಅಂತ ಅಚ್ಚು ಹಾಕಿಸುವ ಮನೆಗಳು ಜಾಸ್ತಿಯಾಗಿವೆ. ಹೊರಗಿನವರಿಗೆ ಇದು ದೊಡ್ಡತನ. ಆ ಮನೆಗೆ ಹಿಂದಿನ ಬಾಕಿ ತೀರಿಸಬೇಕಾದವರಿಗೆ ಮಾತ್ರ ಇರುಸುಮುರುಸು. ತೆಗೆದುಕೊಳ್ಳುವುದಿಲ್ಲ ಅಂದರೆ ನಮ್ಮ ನಂಟು ಬೇಡ ಅಂತಲೇ ಅಲ್ವಾ ಅಂತ ಕೇಳಿದವರಿದ್ದಾರೆ. ವೇದಿಕೆಯ ಪಕ್ಕ ಮುಯ್ಯಿ ಬರೆಯುವ ಮೇಜು ಹೋಯಿತು. ಕವರ್ ಹೋಗಲಿಲ್ಲ, ಊಟದ ಮನೆಯ ಬಾಗಿಲಲ್ಲಿ ಹುಡುಗಿಯ ತಾಯಿಯ ಕೈಗೆ ಸೇರುತ್ತದೆ. ಅಂಥ ಮದುವೆಗೆ ಹೋದರೆ ನಾನು ಈಗ ಅಲ್ಲೇ ನಿಲ್ಲುತ್ತೇನೆ, ಎಲೆ ಹಾಕುವವರ ಜೊತೆ.