ಥಂಡರ್‌ಬರ್ಡ್‌ನಲ್ಲಿ ಸೂಚಿ ಫೈಲ್ ಕೆಟ್ಟರೆ, ಪತ್ರ ಕಳೆಯದೆ ಸರಿಪಡಿಸುವ ಬಗೆ

ಕಂಪ್ಯೂಟರಿನಲ್ಲಿ ಮೇಲ್ ಓದುವ ಥಂಡರ್‌ಬರ್ಡ್ ತಂತ್ರಾಂಶದ ಪಟ್ಟಿಯಲ್ಲಿ ಒಂದು ಮೇಲ್ ಒತ್ತಿದರೆ ಇನ್ನೊಂದು ತೆರೆಯುತ್ತದೆ. ಓದಿದ್ದೆಲ್ಲ ಓದದ್ದಾಗಿ ಎಣಿಕೆಗೆ ಬರುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಾಗಿ ಕೆಟ್ಟಿರುವುದು ಪತ್ರವಲ್ಲ, ಅದರ ಸೂಚಿ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಪ್ರತಿ ಫೋಲ್ಡರಿಗೂ ಎರಡು ಫೈಲುಗಳು: ಬರೀ ‘ಇನ್‌ಬಾಕ್ಸ್’ ಎಂಬುದರಲ್ಲಿ ಪತ್ರಗಳೇ ಇರುತ್ತವೆ, ‘ಇನ್‌ಬಾಕ್ಸ್.ಎಂಎಸ್‌ಎಫ್’ ಎಂಬುದರಲ್ಲಿ ವಿಷಯ, ಕಳಿಸಿದವರು, ದಿನಾಂಕ, ಜೊತೆಗೆ ದೊಡ್ಡ ಫೈಲಿನೊಳಗೆ ಆ ಪತ್ರ ಎಲ್ಲಿಂದ ಶುರು ಎಂಬ ಲೆಕ್ಕ. ಆ ಲೆಕ್ಕ ತಪ್ಪಿದಾಗಲೇ ಒಂದರ ಬದಲು ಇನ್ನೊಂದು ತೆರೆಯುವುದು.

ಕೈ ಹಾಕುವ ಮುನ್ನ ಅಕೌಂಟ್ ಸೆಟ್ಟಿಂಗ್ಸ್‌ನ ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ಖಾತೆ ಐಮ್ಯಾಪ್ ಬಗೆಯದೋ ಪಾಪ್ ಬಗೆಯದೋ ನೋಡಿ. ಐಮ್ಯಾಪ್ ಆದರೆ ಮೂಲ ಪ್ರತಿ ಸರ್ವರಿನಲ್ಲಿದೆ. ಪಾಪ್ ಖಾತೆಯಲ್ಲಿ, ಹಾಗೆಯೇ ‘ಲೋಕಲ್ ಫೋಲ್ಡರ್ಸ್’ನಲ್ಲಿ, ಆ ಬರೀ ‘ಇನ್‌ಬಾಕ್ಸ್’ ಫೈಲೇ ನಿಮ್ಮ ಏಕೈಕ ಪ್ರತಿ ಆಗಿರಬಹುದು. ಅದನ್ನು ಕ್ಯಾಶ್ (ಅಳಿಸಿದರೂ ನಡೆಯುವ ತಾತ್ಕಾಲಿಕ ಪ್ರತಿ) ಎಂದುಕೊಂಡು ಅಳಿಸಿದವರು ವರ್ಷಗಟ್ಟಲೆ ಪತ್ರಗಳನ್ನು ಕಳೆದುಕೊಳ್ಳುತ್ತಾರೆ. ದಯವಿಟ್ಟು ಮುಟ್ಟಬೇಡಿ.

ಮೊದಲು ಆನ್‌ಲೈನ್‌ಗೆ ಬಂದು, ಆಫ್‌ಲೈನ್‌ನಲ್ಲಿ ಮಾಡಿದ ಬದಲಾವಣೆಗಳು ಸರ್ವರ್ ಸೇರಲು ಬಿಡಿ. ಅವು ಸೂಚಿಯಲ್ಲೇ ಕಾದಿರುತ್ತವೆ. ಆಮೇಲೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ‘ರಿಪೇರ್ ಫೋಲ್ಡರ್’. ಐಮ್ಯಾಪ್‌ನಲ್ಲಿ ಪತ್ರಗಳ ಮಾಹಿತಿ ಮತ್ತೆ ಇಳಿಯಬೇಕಾದ್ದರಿಂದ ದೊಡ್ಡ ಫೋಲ್ಡರಿಗೆ ಹೊತ್ತು ಹಿಡಿಯುತ್ತದೆ, ನಡುವೆ ನಿಲ್ಲಿಸಬೇಡಿ.

ಇದರಿಂದ ಆಗದಿದ್ದರೆ ಹೆಲ್ಪ್ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ನಿಂದ ಪ್ರೊಫೈಲ್ ಫೋಲ್ಡರ್ (ನಿಮ್ಮ ಪತ್ರ, ಸೆಟ್ಟಿಂಗ್‌ಗಳೆಲ್ಲ ಇರುವ ಜಾಗ) ತೆರೆದು, ಥಂಡರ್‌ಬರ್ಡ್ ಮುಚ್ಚಿ, ಇಡೀ ಪ್ರೊಫೈಲನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಐಮ್ಯಾಪ್‌ಮೇಲ್ ಅಥವಾ ಮೇಲ್ ಎಂಬ ಫೋಲ್ಡರಿನೊಳಗೆ ಕೆಟ್ಟ ಎಂಎಸ್‌ಎಫ್ ಫೈಲ್ ಸಿಗುತ್ತದೆ. ಅದನ್ನು ಡೆಸ್ಕ್‌ಟಾಪಿಗೆ ಸರಿಸಿ. ಅಲ್ಲೇ ಬಿಟ್ಟು ಹೆಸರಿನ ಕೊನೆಗೆ ‘ಓಲ್ಡ್’ ಎಂದು ಸೇರಿಸಿದರೆ ಥಂಡರ್‌ಬರ್ಡ್ ಅದನ್ನೂ ಒಂದು ಮೇಲ್ ಫೋಲ್ಡರ್ ಎಂದೇ ತೋರಿಸೀತು. ಮತ್ತೆ ತೆರೆದು ಆ ಫೋಲ್ಡರ್ ಒತ್ತಿದಾಗ ಹೊಸ ಸೂಚಿ ತಾನಾಗಿ ಹುಟ್ಟುತ್ತದೆ. ಕಾಲಮ್ಮುಗಳ ಜೋಡಣೆ ಮಾತ್ರ ಹೋಗಬಹುದು.

ಹುಡುಕಾಟವಷ್ಟೇ ಕೆಟ್ಟಿದ್ದರೆ ಇದಾವುದೂ ಬೇಡ. ಪ್ರೊಫೈಲಿನಲ್ಲಿರುವ ‘ಗ್ಲೋಬಲ್-ಮೆಸೇಜಸ್-ಡಿಬಿ’ ಎಂಬ, ಹುಡುಕಾಟದ ಸೂಚಿ ಇರುವ ಎಸ್‌ಕ್ಯೂಲೈಟ್ ಫೈಲನ್ನು ಹೀಗೆಯೇ ಹೊರಗಿಡಿ.

ಪದೇ ಪದೇ ಕೆಡುತ್ತಿದ್ದರೆ ಡಿಸ್ಕಿನಲ್ಲಿ ಜಾಗವಿದೆಯೇ ನೋಡಿ: ಬರೆಯುವಾಗ ಜಾಗ ಮುಗಿದರೆ, ಕರೆಂಟ್ ಹೋದರೆ ಸೂಚಿ ಅರ್ಧಕ್ಕೇ ನಿಲ್ಲುತ್ತದೆ. ಪ್ರೊಫೈಲನ್ನು ಆಂಟಿವೈರಸ್ ತಪಾಸಣೆಯಿಂದ ಬಿಡಿಸಿ, ಕ್ಲೌಡ್‌ಗೆ ಸಿಂಕ್ ಆಗುವ ಫೋಲ್ಡರಿನಲ್ಲಂತೂ ಇಡಲೇಬೇಡಿ.