ಫಿಯಟ್ ದೀಪಗಳಿಗೆ ಬೆಳಕು ಬಂದದ್ದು

ಅಪ್ಪ ಕೊಂಡ 1981ರ ಪ್ರೀಮಿಯರ್ ಪದ್ಮಿನಿ ಈಗ ನನ್ನ ಕೈಯಲ್ಲಿದೆ. ಹೆಸರು ಪದ್ಮಿನಿಯಾದರೂ ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು ಫಿಯಟ್. 1089 ಸಿಸಿಯ ಅದರ ಎಂಜಿನ್ ಬಗ್ಗೆ ನನಗೆ ಯಾವತ್ತೂ ದೂರಿರಲಿಲ್ಲ. ತೊಂದರೆ ಇದ್ದದ್ದು ಹೆಡ್‌ಲೈಟಿನಲ್ಲಿ. ಒಂದು ಜುಲೈ ರಾತ್ರಿ ಮಳೆಯಲ್ಲಿ ಸುಂಟಿಕೊಪ್ಪ ದಾಟಿ ಮಡಿಕೇರಿಗೆ ಹತ್ತುವಾಗ ರಸ್ತೆಯ ಅಂಚೇ ಕಾಣದೆ, ಮುಂದಿದ್ದ ಲಾರಿಯ ಕೆಂಪು ದೀಪವನ್ನೇ ನಂಬಿಕೊಂಡು ಹೋದೆ. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದರು. ಆ ಭಯ ಇನ್ನೂ ಮರೆತಿಲ್ಲ.

ಮೈಸೂರಿಗೆ ವಾಪಸು ಬಂದವನು 100/90 ವ್ಯಾಟಿನ (ಬ್ರೈಟಿಗೆ 100, ಡಿಮ್ಮಿಗೆ 90) ಬಲ್ಬ್ ತಂದು ಹಾಕಿದೆ. ಅದು ತಪ್ಪು. ಹತ್ತು ನಿಮಿಷ ಉರಿಸುವಷ್ಟರಲ್ಲಿ ಸ್ವಿಚ್ ಕೈ ಸುಡುವಷ್ಟು ಕಾದು, ಡ್ಯಾಶ್‌ಬೋರ್ಡಿನ ಕೆಳಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಎರಡು ಬಲ್ಬಿಗೆ ಬೇಕಾದ ಹದಿನಾರು ಆಂಪಿಯರಿನಷ್ಟು ಕರೆಂಟೂ ಆ ಹಳೆಯ ಸ್ವಿಚ್ಚಿನ ಪುಟ್ಟ ತಗಡುಗಳ ಮೂಲಕವೇ ಹೋಗಬೇಕಿತ್ತು. ತಕ್ಷಣ ತೆಗೆದು 60/55 ವ್ಯಾಟಿನವನ್ನು ಹಾಕಿದೆ. ಆಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ: ಮಲ್ಟಿಮೀಟರ್ ಹಿಡಿದು ಕೂತೆ.

ಎಂಜಿನ್ ಆಫ್, ಹೆಡ್‌ಲೈಟ್ ಆನ್. ಬ್ಯಾಟರಿಯಲ್ಲಿ 12.4 ವೋಲ್ಟ್, ಬಲ್ಬಿನ ಪಿನ್ನುಗಳ ನಡುವೆ 10.3. ವೋಲ್ಟ್ ಆರರಲ್ಲೊಂದು ಪಾಲು ತಗ್ಗಿದರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಲ್ಬ್ ಎಷ್ಟು ದೊಡ್ಡದಾದರೇನು, ದಾರಿಯಲ್ಲೇ ಸೋರಿಹೋಗುತ್ತಿದ್ದರೆ? ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಬಲ್ಬಿನ ಅರ್ಥ್ ಪಿನ್ನಿಗೆ, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ಪಿನ್ನಿಗೆ ಹಿಡಿದೆ. ಅಲ್ಲಿ ಸೊನ್ನೆ ಇರಬೇಕು, ತೋರಿಸಿದ್ದು 0.9. ನಷ್ಟದ ಅರ್ಧದಷ್ಟು ಅರ್ಥಿನಲ್ಲೇ ಇತ್ತು.

ಬ್ಯಾಟರಿಯಿಂದ ಗಾಡಿಯ ಲೋಹದ ಮೈಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯನ್ನು ಬಿಚ್ಚಿ ನೋಡಿದರೆ, ಬೋಲ್ಟಿನ ಅಡಿಯಲ್ಲಿ ಯಾವಾಗಲೋ ಹೊಡೆದ ಪೇಂಟು, ಅದರಡಿ ತುಕ್ಕು. ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ವ್ಯಾಸಲೀನ್ ಬಳಿದೆ. ಎರಡೂ ಹೆಡ್‌ಲೈಟಿನಿಂದ ಒಂದೊಂದು ಕಪ್ಪು ವೈರನ್ನು ನೇರ ಬ್ಯಾಟರಿ ಮೈನಸ್‌ಗೆ ಎಳೆದೆ.

ಆಮೇಲೆ ಎರಡು ರಿಲೇ, ಡಿಮ್ಮಿಗೊಂದು, ಬ್ರೈಟಿಗೊಂದು. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ಪ್ರತಿಯೊಂದರ 30ನೇ ಪಿನ್ನಿಗೆ ಬ್ಯಾಟರಿಯಿಂದ 2.5 ಚದರ ಮಿಲಿಮೀಟರಿನ ವೈರು, 87ರಿಂದ ಬಲ್ಬಿಗೆ, 85 ಅರ್ಥಿಗೆ. ಹಳೆಯ ಹೆಡ್‌ಲೈಟ್ ವೈರು 86ಕ್ಕೆ ಬಂದು ರಿಲೇಯನ್ನು ಎಬ್ಬಿಸುತ್ತದೆ, ಅಷ್ಟೇ ಅದರ ಕೆಲಸ. ಸ್ವಿಚ್ ಈಗ ಬೆಚ್ಚಗೂ ಆಗುವುದಿಲ್ಲ. ಪ್ರತಿ ರಿಲೇಗೂ 15 ಆಂಪಿಯರ್ ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಕೂರಿಸಬೇಕು. ದೂರದಲ್ಲಿಟ್ಟರೆ, ನಡುವಿನ ವೈರು ಗಾಡಿಯ ಮೈಗೆ ಉಜ್ಜಿ ಶಾರ್ಟ್ ಆದಾಗ ಬೆಂಕಿ ತಡೆಯುವವರಿಲ್ಲ. ಕಂಪನಿಯ ಒಂದು ವೈರನ್ನೂ ನಾನು ಕತ್ತರಿಸಲಿಲ್ಲ. ನಾಳೆ ಯಾರಾದರೂ ಗಾಡಿಯನ್ನು ಮೂಲ ರೂಪಕ್ಕೆ ತರಬೇಕೆಂದರೆ ಅರ್ಧ ಗಂಟೆಯಲ್ಲಿ ಎಲ್ಲ ಕಳಚಬಹುದು. ಅಪ್ಪನ ಗಾಡಿಯಲ್ಲಿ ನಾನು ಪಾಲಿಸುವ ಕಟ್ಟುನಿಟ್ಟು ಇದೊಂದೇ.

ಮತ್ತೆ ಅಳೆದಾಗ ಬಲ್ಬಿನಲ್ಲಿ 12.1.

ಅದೇ ವಾರ ಪೆಟ್ರೋಲ್ ಪೈಪುಗಳನ್ನೂ ಬದಲಿಸಿದೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ತಾಳುವುದಿಲ್ಲ, ಪೆಟ್ರೋಲ್ ಪಂಪಿನೊಳಗಿನ ರಬ್ಬರ್ ಪೊರೆ, ಡಯಾಫ್ರಮ್ಮೂ ಅಷ್ಟೇ. ಬಿಸಿ ಎಂಜಿನ್ ಪಕ್ಕ ಪೆಟ್ರೋಲ್ ಜಿನುಗುವುದನ್ನು ನೋಡಿದ ಮೇಲೂ ಮುಂದೂಡುವವರಿಗೆ ನನ್ನ ಬೇಡಿಕೆ: ಇವತ್ತೇ ಬದಲಿಸಿ.

ಉಳಿದಿರುವುದು ಡೈನಮೋ. ಗಾಡಿ ನಿಂತು ಎಂಜಿನ್ ಸ್ಲೋನಲ್ಲಿ ಓಡುವಾಗ ಅದು ಬ್ಯಾಟರಿಗೆ ಚಾರ್ಜೇ ಕೊಡುವುದಿಲ್ಲ, ಸಿಗ್ನಲ್ಲಿನಲ್ಲಿ ಇಂಡಿಕೇಟರ್ ಸಹ ನಿಧಾನವಾಗುತ್ತದೆ. ಅದರ ಬದಲು ಸ್ಲೋನಲ್ಲೂ ಚಾರ್ಜ್ ಕೊಡುವ ಆಲ್ಟರ್ನೇಟರ್ ಹಾಕುವ ಮನಸ್ಸಿದೆ, ಆದರೆ ಡೈನಮೋದ ಬ್ರಾಕೆಟ್ಟನ್ನು ಕೊರೆಯದೆ ಕೂರುವಂಥದ್ದು ಸಿಗುವವರೆಗೆ ಕಾಯುತ್ತೇನೆ.