ವಾಂಟ್ನರ್ ಹೋಮ್ಸ್‌ನ ದನಿ ಸರಿಮಾಡಿದ್ದು

ಶೆರ್ಲಾಕ್ ಹೋಮ್ಸ್‌ನ ಹಳೆ ಇಂಗ್ಲಿಷ್ ಚಿತ್ರ 'ದಿ ಸ್ಲೀಪಿಂಗ್ ಕಾರ್ಡಿನಲ್' ಕೊನೆಗೂ ಕಿವಿಗೆ ಹಿತವಾಗಿ ಕೇಳುತ್ತಿದೆ. "ಆ ಸೌಂಡ್‌ನಲ್ಲಿ ಏನೂ ಉಳಿದಿಲ್ಲ, ಸುಮ್ನೆ ಒದ್ದಾಡ್ಬೇಡ" ಅಂದವರೇ ಜಾಸ್ತಿ. ಈಗ ಅವರೇ ನನ್ನ ಸೆಟ್ಟಿಂಗ್ ಕೇಳುತ್ತಿದ್ದಾರೆ.

ಇದು 1931ರಲ್ಲಿ ಲಂಡನ್ನಿನ ಟ್ವಿಕನ್‌ಹ್ಯಾಮ್ ಸ್ಟುಡಿಯೋದಲ್ಲಿ ತಯಾರಾದ ಟಾಕಿ. ಆರ್ಥರ್ ವಾಂಟ್ನರ್ ಹೋಮ್ಸ್ ಆದ ಐದು ಚಿತ್ರಗಳಲ್ಲಿ ಮೊದಲನೆಯದು. ಎರಡನೆಯದಾದ 'ದಿ ಮಿಸ್ಸಿಂಗ್ ರೆಂಬ್ರಾಂಟ್' ಕಳೆದೇ ಹೋಗಿದೆ. ಉಳಿದದ್ದನ್ನಾದರೂ ಕಾಪಾಡಬೇಕು ಅಲ್ವಾ? ವಾಂಟ್ನರ್ ಅವರದು ಮೆತ್ತನೆಯ ಮಾತು. ಪುಸ್ತಕದ ಹೋಮ್ಸ್‌ಗೆ ಇಷ್ಟು ಹತ್ತಿರ ಬಂದ ನಟರನ್ನು ನಾನಂತೂ ನೋಡಿಲ್ಲ.

ಮೊದಲು ಒಂದು ಸ್ಟುಡಿಯೋಗೆ ಕೊಟ್ಟೆ. 8 ಸಾವಿರದ ಹತ್ತಿರ ಹೋಯಿತು. ಇಡೀ ಚಿತ್ರಕ್ಕೆ ಒಂದೇ ನಾಯ್ಸ್ ಪ್ರೊಫೈಲ್ (ತೆಗೆಯಬೇಕಾದ ಗದ್ದಲದ ಮಾದರಿ) ಹಾಕಿ, ಗದ್ದಲವನ್ನು ಒಂದೇ ಏಟಿಗೆ 24 ಡೆಸಿಬಲ್ (ಡಿಬಿ) ಇಳಿಸಿದ್ದರು. ಕೊಡದೊಳಗೆ ತಲೆ ಹಾಕಿ ಮಾತಾಡಿದಂತಿತ್ತು. ಆಮೇಲೆ ಒಂದು ಎಐ ಸಾಫ್ಟ್‌ವೇರ್, ಅದಕ್ಕೆ 2 ಸಾವಿರ ಚಿಲ್ಲರೆ. ಅದು ಇಲ್ಲದ 'ಸ್' ಸದ್ದುಗಳನ್ನೆಲ್ಲ ಹುಟ್ಟಿಸಿತು.

ನಾನು ರೀಲ್ ಲೆಕ್ಕದಲ್ಲಿ ಹೋದೆ. ಸಾವಿರ ಅಡಿ ರೀಲ್ ಸುಮಾರು 11 ನಿಮಿಷ. ಪ್ರತಿ ರೀಲಿನ ಸವೆತ ಬೇರೆ, ಸದ್ದೂ ಬೇರೆ. ರೀಲ್ ಬದಲಾದ ಕಡೆ ಸ್ಪೆಕ್ಟ್ರೋಗ್ರಾಂನ, ಅಂದರೆ ಸದ್ದನ್ನು ಬಣ್ಣದಲ್ಲಿ ತೋರಿಸುವ ಚಿತ್ರದ, ಬಣ್ಣವೇ ಥಟ್ಟನೆ ಬದಲಾಗುತ್ತದೆ. ಅಲ್ಲಿ ಕತ್ತರಿಸಿ, ಅಡಾಸಿಟಿ ಅನ್ನೋ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ತುಂಡಿಗೂ ಅದರದೇ ಪ್ರೊಫೈಲ್ ಕೊಟ್ಟೆ. ಮೊದಲು ಚಟಪಟ ಸದ್ದು ತೆಗೆದೆ. ಇಲ್ಲದಿದ್ದರೆ ಪ್ರೊಫೈಲೇ ಕೆಡುತ್ತದೆ. ಒಮ್ಮೆಗೆ 6 ಡಿಬಿ ದಾಟಲಿಲ್ಲ. 6 ಸಾವಿರ ಹರ್ಟ್ಸ್ ಮೇಲೆ ಈ ಟ್ರ್ಯಾಕಿನಲ್ಲಿ ಮಾತೇ ಇರಲಿಲ್ಲ, ಅದನ್ನು ಇಳಿಸಿಬಿಟ್ಟೆ.

ಕಷ್ಟವಾಗಿದ್ದು ಹೋಮ್ಸ್‌ನ ಶತ್ರು ಮೊರಿಯಾರ್ಟಿ ಚಿತ್ರಪಟದ ಹಿಂದೆ ನಿಂತು ಅಡೇರ್ ಎಂಬ ಪಾತ್ರವನ್ನು ಬೆದರಿಸುವ ದೃಶ್ಯ. ಪೂರ್ತಿ ತೊಳೆದರೆ ಮಾತು ನಿಂತಾಗಲೆಲ್ಲ ಕೋಣೆಯೇ ಮಾಯವಾಗುತ್ತಿತ್ತು. ತೆಗೆದ ಸದ್ದನ್ನೇ ಸ್ವಲ್ಪ ವಾಪಸ್ ಬೆರೆಸಿದೆ. ಎಷ್ಟು ಬೆರೆಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಈಗ ಆ ಬೆದರಿಕೆಯ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುತ್ತದೆ.

ನಡುವೆ ಅಮ್ಮನಿಗಾಗಿ ಕನ್ನಡ ಸಬ್‌ಟೈಟಲ್ ಹಾಕಿದೆ. ಎರಡು ಸಾಲು ಹಾಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಹಾಗಾಗಿ ಒಂದೇ ಸಾಲು, ಮಾತು ಚಿಕ್ಕದು. ಅಮ್ಮ ಕೊನೆವರೆಗೂ ಕೂತು ನೋಡಿದರು.

ಈಗ 1935ರ 'ದಿ ಟ್ರಯಂಫ್ ಆಫ್ ಶೆರ್ಲಾಕ್ ಹೋಮ್ಸ್' ಹಿಡಿದಿದ್ದೇನೆ. ನನ್ನ ಹತ್ತಿರ ಇರುವುದು ಪಾಲ್ (ಸೆಕೆಂಡಿಗೆ 25 ಫ್ರೇಮಿನ ಟಿವಿ ಪದ್ಧತಿ) ಡಿವಿಡಿ, ಹಾಗಾಗಿ 4 ಪರ್ಸೆಂಟ್ ವೇಗ ಜಾಸ್ತಿ. ಮೊದಲು ಸೆಕೆಂಡಿಗೆ 24 ಫ್ರೇಮಿಗೆ ಇಳಿಸಿಯೇ ಸೌಂಡ್ ಮುಟ್ಟಬೇಕು. ಯಾರ ಬಳಿಯಾದರೂ ಇದಕ್ಕಿಂತ ಒಳ್ಳೆ ಕಾಪಿ ಇದ್ದರೆ ತಿಳಿಸಿ.